ಹೊಂದಿಸಬಹುದಾದ ಗ್ಯಾಸ್ ಬ್ಲಾಕ್

ಹೊಂದಿಸಬಹುದಾದ ಗ್ಯಾಸ್ ಬ್ಲಾಕ್ ಎಂಬುದು ಅನಿಲಚಾಲಿತ ಅರೆ-ಸ್ವಯಂಚಾಲಿತ ರೈಫಲ್‌ನ ನಳಿಗೆಯ ಮೇಲೆ ಕೂರಿಸುವ ಲೋಹದ ಒಂದು ಸಣ್ಣ ಭಾಗ. ಗುಂಡು ಹಾರಿದಾಗ ನಳಿಗೆಯಲ್ಲಿ ಉಂಟಾಗುವ ಬಿಸಿ ಅನಿಲದಲ್ಲಿ ಎಷ್ಟು ಪಾಲು ಬಂದೂಕಿನ ಯಂತ್ರಭಾಗವನ್ನು ನಡೆಸಲು ಹೋಗಬೇಕು ಎಂಬುದನ್ನು ಇದು ನಿರ್ಧರಿಸುತ್ತದೆ. ಸಾಧಾರಣ ಗ್ಯಾಸ್ ಬ್ಲಾಕ್‌ನಲ್ಲಿ ಈ ಪ್ರಮಾಣ ಕಾರ್ಖಾನೆಯಲ್ಲಿಯೇ ನಿಶ್ಚಯವಾಗಿರುತ್ತದೆ. ಹೊಂದಿಸಬಹುದಾದ ಬಗೆಯಲ್ಲಿ ಒಂದು ತಿರುಪನ್ನೋ ಸಣ್ಣ ಕವಾಟವನ್ನೋ ತಿರುಗಿಸಿ ಬಳಕೆದಾರನೇ ಅದನ್ನು ಬದಲಿಸಬಹುದು. ಸೇನಾ ಬಂದೂಕುಗಳಲ್ಲಿ ಇದೇ ಕೆಲಸ ಮಾಡುವ ಭಾಗಕ್ಕೆ ಗ್ಯಾಸ್ ರೆಗ್ಯುಲೇಟರ್ ಎಂದು ಹೆಸರು. ಇಂದು 'ಹೊಂದಿಸಬಹುದಾದ ಗ್ಯಾಸ್ ಬ್ಲಾಕ್' ಎಂಬ ಮಾತು ಹೆಚ್ಚಾಗಿ ಅಮೆರಿಕದ ಎಆರ್-15 ಮಾದರಿಯ ರೈಫಲ್‌ಗಳ ಸಂದರ್ಭದಲ್ಲಿ ಬಳಕೆಯಲ್ಲಿದೆ.

ಅನಿಲ ಬಂದೂಕನ್ನು ನಡೆಸುವ ಬಗೆ

ತೋಟಾದೊಳಗಿನ ಮದ್ದು ಹೊತ್ತಿಕೊಂಡಾಗ ಅದು ಕ್ಷಣಮಾತ್ರದಲ್ಲಿ ಅನಿಲವಾಗಿ ಹಿಗ್ಗಿ ಗುಂಡನ್ನು ಮುಂದಕ್ಕೆ ತಳ್ಳುತ್ತದೆ. .223 ರೆಮಿಂಗ್ಟನ್ ತೋಟಾದಲ್ಲಿ ಈ ಒತ್ತಡದ ಗರಿಷ್ಠ ಮಿತಿ ಚದರ ಅಂಗುಲಕ್ಕೆ 55,000 ಪೌಂಡ್. ಗುಂಡು ನಳಿಗೆಯೊಳಗೆ ಇರುವುದು ಸುಮಾರು ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ. ಗುಂಡು ಮುಂದೆ ಸಾಗಿದಂತೆ ಅದರ ಹಿಂದಿನ ಜಾಗ ಹಿಗ್ಗಿ ಒತ್ತಡ ಇಳಿಯುತ್ತಾ ಹೋಗುತ್ತದೆ.

ಅನಿಲಚಾಲಿತ ರೈಫಲ್‌ನಲ್ಲಿ ನಳಿಗೆಯ ಪಕ್ಕದಲ್ಲಿ, ತುದಿಗಿಂತ ಸ್ವಲ್ಪ ಹಿಂದೆ, ಒಂದು ಚಿಕ್ಕ ರಂಧ್ರವಿರುತ್ತದೆ. ಗುಂಡು ಈ ರಂಧ್ರವನ್ನು ದಾಟಿದೊಡನೆ ಅನಿಲದ ಒಂದು ಪಾಲು ಅದರ ಮೂಲಕ ಹೊರಗೆ ನುಗ್ಗುತ್ತದೆ. ರಂಧ್ರದ ಮೇಲೆ ಕುಳಿತಿರುವ ಗ್ಯಾಸ್ ಬ್ಲಾಕ್ ಆ ಅನಿಲವನ್ನು ಹಿಡಿದು ಹಿಂದಕ್ಕೆ ತಿರುಗಿಸುತ್ತದೆ. ಕೆಲವು ಬಂದೂಕುಗಳಲ್ಲಿ ಅನಿಲವು ಒಂದು ಪಿಸ್ಟನ್ನನ್ನು ತಳ್ಳಿದರೆ, ಎಆರ್-15ರಲ್ಲಿ ಅದು ತೆಳುವಾದ ಕೊಳವೆಯ ಮೂಲಕ ನೇರವಾಗಿ ಬೋಲ್ಟ್ ವಾಹಕದೊಳಕ್ಕೆ ಹೋಗುತ್ತದೆ. ದಾರಿ ಯಾವುದಾದರೂ ಪರಿಣಾಮ ಒಂದೇ. ಬೀಗ ಹಾಕಿಕೊಂಡಿದ್ದ ಬೋಲ್ಟ್ ಬಿಚ್ಚಿಕೊಂಡು ಹಿಂದೆ ಸರಿಯುತ್ತದೆ, ಖಾಲಿ ತೋಟಾ ಹೊರಗೆ ಬೀಳುತ್ತದೆ, ಸ್ಪ್ರಿಂಗ್ ಬೋಲ್ಟನ್ನು ಮುಂದಕ್ಕೆ ತಂದಾಗ ಮ್ಯಾಗಜೀನಿನ ಮುಂದಿನ ತೋಟಾ ನಳಿಗೆಯ ಕೋಣೆಗೆ ಸೇರುತ್ತದೆ. ಈ ಸರಣಿಗೆ ಬೇರೆ ಯಾವ ಶಕ್ತಿಯೂ ಬೇಕಿಲ್ಲ. ಆದರೆ ಶಕ್ತಿಯ ಪ್ರಮಾಣ ಮಾತ್ರ ಸರಿಯಾಗಿರಬೇಕು.

ಅನಿಲ ಕಡಿಮೆಯಾದರೆ ಬೋಲ್ಟ್ ಪೂರ್ತಿಯಾಗಿ ಹಿಂದೆ ಸರಿಯುವುದಿಲ್ಲ. ಖಾಲಿ ತೋಟಾ ಬಾಯಿಯಲ್ಲಿಯೇ ಸಿಕ್ಕಿಕೊಳ್ಳುತ್ತದೆ, ಅಥವಾ ಅದು ಹೊರಬಿದ್ದರೂ ಬೋಲ್ಟ್ ಮುಂದಿನ ತೋಟಾದ ಹಿಂಬದಿಯನ್ನು ಮುಟ್ಟದೆ ಖಾಲಿ ಕೋಣೆಯ ಮೇಲೆ ಮುಚ್ಚಿಕೊಳ್ಳುತ್ತದೆ. ಈ ದೋಷ ಒಡನೆಯೇ ಕಣ್ಣಿಗೆ ಬೀಳುತ್ತದೆ.

ಅನಿಲ ಹೆಚ್ಚಾದಾಗಿನ ದೋಷ ಇಷ್ಟು ಸುಲಭವಾಗಿ ತಿಳಿಯುವುದಿಲ್ಲ, ಏಕೆಂದರೆ ಬಂದೂಕು ಬಹುಕಾಲ ಕೆಲಸ ಮಾಡುತ್ತಲೇ ಇರುತ್ತದೆ. ಒತ್ತಡ ಇಳಿಯುವ ಮುನ್ನವೇ ಬೋಲ್ಟ್ ಬಿಚ್ಚಿಕೊಳ್ಳಲು ಹವಣಿಸುತ್ತದೆ. ಆ ಹೊತ್ತಿಗೆ ಹಿತ್ತಾಳೆಯ ತೋಟಾ ಇನ್ನೂ ಉಬ್ಬಿ ಕೋಣೆಯ ಗೋಡೆಗೆ ಅಂಟಿಕೊಂಡಿರುತ್ತದೆ. ಅದನ್ನು ಎಳೆಯುವ ಕೊಕ್ಕೆಗೆ ಮಿತಿಮೀರಿದ ಭಾರ ಬಿದ್ದು, ಒಮ್ಮೊಮ್ಮೆ ತೋಟಾದ ಅಂಚೇ ಹರಿದುಹೋಗುತ್ತದೆ. ಬೋಲ್ಟ್ ಅತಿವೇಗದಿಂದ ಹಿಂದಕ್ಕೆ ಬಡಿಯುವುದರಿಂದ ಹೆಗಲಿಗೆ ತಗಲುವ ಒದೆತ ಹೆಚ್ಚುತ್ತದೆ, ಗುರಿ ಅಲುಗುತ್ತದೆ, ಬೋಲ್ಟಿನ ಹಲ್ಲುಗಳೂ ಸ್ಪ್ರಿಂಗ್‌ಗಳೂ ಬೇಗ ಸವೆಯುತ್ತವೆ. ಮ್ಯಾಗಜೀನ್ ತನ್ನ ತೋಟಾವನ್ನು ಮೇಲೆತ್ತುವ ಮೊದಲೇ ಬೋಲ್ಟ್ ಹಿಂತಿರುಗಿದರೆ ಕೋಣೆ ಖಾಲಿಯಾಗಿಯೇ ಉಳಿಯುತ್ತದೆ. ಅಂದರೆ ಅನಿಲ ಕಡಿಮೆಯಾದಾಗ ಕಾಣುವ ಲಕ್ಷಣವೇ ಅನಿಲ ಹೆಚ್ಚಾದಾಗಲೂ ಕಾಣಬಹುದು. ಹೊಸಬರು ದೋಷವನ್ನು ತಪ್ಪಾಗಿ ಗುರುತಿಸಿ, ಮುಚ್ಚಬೇಕಾದ ತಿರುಪನ್ನು ಇನ್ನಷ್ಟು ತೆರೆಯುವುದು ಇದೇ ಕಾರಣಕ್ಕೆ.

ಇತಿಹಾಸ

ಅನಿಲದಿಂದ ಬಂದೂಕು ನಡೆಸುವ ಪ್ರಯೋಗಗಳು 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಫಲ ಕೊಡತೊಡಗಿದವು. ಅಮೆರಿಕದ ಯೂಟಾ ಪ್ರಾಂತದ ಬಂದೂಕು ತಯಾರಕ ಜಾನ್ ಮೋಸೆಸ್ ಬ್ರೌನಿಂಗ್ 1889ರ ಸುಮಾರಿಗೆ, ಗುಂಡು ಹಾರಿದಾಗ ನಳಿಗೆಯ ಬಾಯಿಂದ ನುಗ್ಗುವ ಅನಿಲಕ್ಕೆ ಎದುರಿನ ಹುಲ್ಲು ಬಾಗುವುದನ್ನು ಕಂಡು, ವ್ಯರ್ಥವಾಗುವ ಈ ಶಕ್ತಿಯನ್ನು ದುಡಿಸಿಕೊಳ್ಳಲು ಯೋಚಿಸಿದನೆಂದು ಹೇಳುತ್ತಾರೆ. ಆತನ ವಿನ್ಯಾಸ 1895ರ ಕೋಲ್ಟ್ ಮೆಷಿನ್ ಗನ್ ಆಗಿ ಹೊರಬಂತು.

ಎಷ್ಟು ಅನಿಲ ಸಾಕು ಎಂಬ ಪ್ರಶ್ನೆ ಒಡನೆಯೇ ಎದುರಾಯಿತು. ಮಸಿ ಕಟ್ಟಿದ ಬಂದೂಕಿಗೆ ಶುಭ್ರವಾದ ಬಂದೂಕಿಗಿಂತ ಹೆಚ್ಚು ಅನಿಲ ಬೇಕು. ಕೊರೆಯುವ ಚಳಿಯಲ್ಲಿ ಎಣ್ಣೆ ಗಟ್ಟಿಯಾದಾಗಲೂ ಹಾಗೆಯೇ. ಎರಡನೆಯ ಮಹಾಯುದ್ಧದ ಬ್ರೆನ್ ಗನ್‌ನಲ್ಲಿ ಬೇರೆ ಬೇರೆ ಅಳತೆಯ ನಾಲ್ಕು ರಂಧ್ರಗಳಿದ್ದ ರೆಗ್ಯುಲೇಟರ್ ಇತ್ತು. ಬಂದೂಕು ಕುಗ್ಗತೊಡಗಿದರೆ ಸೈನಿಕನು ದೊಡ್ಡ ರಂಧ್ರಕ್ಕೆ ಬದಲಿಸಿಕೊಂಡು ಮುಂದುವರಿಯುತ್ತಿದ್ದನು. ಸೋವಿಯತ್ ಒಕ್ಕೂಟದ ಎಸ್‌ವಿಟಿ-40 ರೈಫಲ್‌ನಲ್ಲಿ 1.1ರಿಂದ 1.7 ಮಿಲಿಮೀಟರ್‌ವರೆಗಿನ ಐದು ರಂಧ್ರಗಳಿದ್ದವು. ಒಳ್ಳೆಯ ಬಂದೂಕೇ ಆದರೂ, ಅವಸರದ ತರಬೇತಿ ಪಡೆದ ಸೈನಿಕರ ಕೈಗೆ ಇಂತಹ ಹೊಂದಾಣಿಕೆ ಒಂದು ಹೊರೆಯಾಯಿತು.

ಯುದ್ಧಾನಂತರದ ವಿನ್ಯಾಸಗಳು ಈ ಅನುಭವದಿಂದ ಬೇರೆ ಬೇರೆ ಪಾಠ ಕಲಿತವು. ಕಲಾಶ್ನಿಕೋವನ ಎಕೆ ರೈಫಲ್ ರೆಗ್ಯುಲೇಟರನ್ನೇ ಕೈಬಿಟ್ಟಿತು. ಬೇಕಾದುದಕ್ಕಿಂತ ಹೆಚ್ಚು ಅನಿಲವನ್ನು ಸದಾ ಬಳಸಿಕೊಂಡು, ಒದೆತ ಹೆಚ್ಚಾದರೂ ಸರಿ, ಕೆಸರಿನಲ್ಲೂ ನಿಲ್ಲಬಾರದು ಎಂಬುದು ಅದರ ನೀತಿ. ಅಮೆರಿಕದ ಎಂ14ರಲ್ಲಿ ಪಿಸ್ಟನ್ ಸ್ವಲ್ಪ ಹಿಂದೆ ಸರಿದೊಡನೆ ರಂಧ್ರ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಆಸ್ಟ್ರಿಯಾದ ಸ್ಟೈರ್ ಆಗ್ ಮತ್ತು ಬ್ರಿಟನ್ನಿನ ಎಲ್85 ರೈಫಲ್‌ಗಳು ಮೂರೇ ಸ್ಥಾನಗಳ ರೆಗ್ಯುಲೇಟರ್ ಇಟ್ಟುಕೊಂಡವು: ಸಾಮಾನ್ಯ ಬಳಕೆಗೆ ಒಂದು, ಪ್ರತಿಕೂಲ ಸ್ಥಿತಿಗೆ ಒಂದು, ರೈಫಲ್ ಗ್ರೆನೇಡ್ ಹಾರಿಸುವಾಗ ಅನಿಲವನ್ನು ಪೂರ್ತಿ ತಡೆಯಲು ಒಂದು.

ಹೊಂದಾಣಿಕೆಯನ್ನು ಅತ್ಯಂತ ಸೂಕ್ಷ್ಮವಾಗಿ ಅಳವಡಿಸಿಕೊಂಡದ್ದು ಬೆಲ್ಜಿಯಂನ ಎಫ್‌ಎನ್ ಎಫ್‌ಎಎಲ್. ಡಿಯೊಡೊನೆ ಸೆವ್ ರೂಪಿಸಿದ ಈ ರೈಫಲ್‌ನಲ್ಲಿ ಬೇಡವಾದ ಅನಿಲವನ್ನು ಹೊರಗೆ ಬಿಡುವ ಕಿಂಡಿಯನ್ನು ಒಂದು ಉಂಗುರದಿಂದ ಹೆಚ್ಚುಕಡಿಮೆ ಮಾಡಬಹುದಿತ್ತು. ಭಾರತೀಯ ಓದುಗರಿಗೆ ಇದರ ಪರಿಚಯ ಎಸ್‌ಎಲ್‌ಆರ್ ಎಂಬ ಹೆಸರಿನಲ್ಲಿ ಇದೆ. 1962ರ ಯುದ್ಧದಲ್ಲಿ ಭಾರತೀಯ ಪದಾತಿಯ ಬಹುಪಾಲು ಸೈನಿಕರು ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕಾಗಿದ್ದ .303 ಲೀ-ಎನ್‌ಫೀಲ್ಡ್ ರೈಫಲ್ ಹಿಡಿದಿದ್ದರು. ಆ ದಶಕದಲ್ಲಿಯೇ ಪಶ್ಚಿಮ ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆಯಲ್ಲಿ ಎಫ್‌ಎಎಲ್ ವಂಶದ 1ಎ1 ರೈಫಲ್ ತಯಾರಾಗತೊಡಗಿತು. ಅದರ ಜಾಗಕ್ಕೆ 1990ರ ದಶಕದಲ್ಲಿ ಬಂದ ಇನ್ಸಾಸ್ ರೈಫಲ್‌ನ ಒಳಭಾಗ ಎಕೆಯನ್ನು ಹೋಲುತ್ತದೆಯಾದರೂ ಗ್ಯಾಸ್ ರೆಗ್ಯುಲೇಟರ್ ಮಾತ್ರ ಎಫ್‌ಎಎಲ್ ಮಾದರಿಯದು.

ವಿಯೆಟ್ನಾಂ ಯುದ್ಧ ಮತ್ತು ಎಂ16

ಅನಿಲದ ಪ್ರಮಾಣ ಎಷ್ಟು ಗಂಭೀರ ವಿಷಯವೆಂಬುದು 1960ರ ದಶಕದಲ್ಲಿ ವಿಯೆಟ್ನಾಂನಲ್ಲಿ ತಿಳಿದುಬಂತು. ಯೂಜೀನ್ ಸ್ಟೋನರ್ ರೂಪಿಸಿದ ಎಆರ್-15, ಎಂ16 ಎಂಬ ಹೆಸರಿನಲ್ಲಿ ಅಮೆರಿಕದ ಸೇನೆಗೆ ಬಂತು. ಅದರಲ್ಲಿ ರೆಗ್ಯುಲೇಟರ್ ಇರಲಿಲ್ಲ. ರಂಧ್ರದ ಅಳತೆಯನ್ನು ಒಂದು ನಿರ್ದಿಷ್ಟ ಮದ್ದಿಗೆ ತಕ್ಕಂತೆ ನಿಶ್ಚಯಿಸಲಾಗಿತ್ತು. 1964ರಲ್ಲಿ ಸೇನೆಯು ತೋಟಾದ ಮದ್ದನ್ನು ಬದಲಿಸಿ, ಸಣ್ಣ ಗುಳಿಗೆಗಳ ರೂಪದ ಬೇರೊಂದು ಮದ್ದನ್ನು ಒಪ್ಪಿಕೊಂಡಿತು. ಗುಂಡಿನ ವೇಗ ಮೊದಲಿನಂತೆಯೇ ಇತ್ತು. ಆದರೆ ಹೊಸ ಮದ್ದಿನಲ್ಲಿ ರಂಧ್ರದ ಬಳಿಯ ಒತ್ತಡ ಹೆಚ್ಚಿತ್ತು. ಬಂದೂಕು ಉದ್ದೇಶಿತ ವೇಗಕ್ಕಿಂತ ಬಿರುಸಾಗಿ ಓಡತೊಡಗಿತು, ಮಸಿಯೂ ಹೆಚ್ಚಾಗಿ ಕಟ್ಟತೊಡಗಿತು.

ಇದರ ಜೊತೆಗೆ ಬೇರೆ ತಪ್ಪುಗಳೂ ಸೇರಿಕೊಂಡವು. ಕೋಣೆಗೆ ಕ್ರೋಮ್ ಲೇಪನವಿರಲಿಲ್ಲ, ಶುಚಿಗೊಳಿಸುವ ಸಲಕರಣೆಗಳು ಸಾಕಷ್ಟು ಇರಲಿಲ್ಲ, ಈ ಬಂದೂಕಿಗೆ ಶುಚಿ ಮಾಡುವ ಅಗತ್ಯವೇ ಇಲ್ಲವೆಂಬ ಮಾತೂ ಹಬ್ಬಿತ್ತು. ಖಾಲಿ ತೋಟಾ ಕೋಣೆಯಲ್ಲಿ ಸಿಕ್ಕಿಕೊಂಡಾಗ ನಳಿಗೆಯ ಬಾಯಿಂದ ಸಲಾಕೆ ತೂರಿಸಿ ಅದನ್ನು ಹೊರದೂಡಬೇಕಾಗುತ್ತಿತ್ತು. ಕೆಟ್ಟುನಿಂತ ರೈಫಲನ್ನು ಸರಿಪಡಿಸುತ್ತಿದ್ದ ಸ್ಥಿತಿಯಲ್ಲಿಯೇ ಸೈನಿಕರು ಸತ್ತರೆಂಬ ದೂರುಗಳು ಅಮೆರಿಕಕ್ಕೆ ತಲುಪಿದವು. ರಿಚರ್ಡ್ ಐಕಾರ್ಡ್ ಅಧ್ಯಕ್ಷತೆಯ ಕಾಂಗ್ರೆಸ್ ಉಪಸಮಿತಿ 1967ರಲ್ಲಿ ನೀಡಿದ ವರದಿಯು ಮದ್ದಿನ ಬದಲಾವಣೆಯನ್ನು ಕಟುವಾಗಿ ಟೀಕಿಸಿತು. ಬೋಲ್ಟಿನ ವೇಗ ತಗ್ಗಿಸುವ ಭಾರವಾದ ಬಫರ್, ಕ್ರೋಮ್ ಲೇಪನ ಹಾಗೂ ಶುಚಿತ್ವದ ತರಬೇತಿಯಿಂದ ಪರಿಸ್ಥಿತಿ ಸುಧಾರಿಸಿತು. ರೆಗ್ಯುಲೇಟರ್ ಇದ್ದಿದ್ದರೆ ಎಲ್ಲವೂ ಸರಿಯಾಗುತ್ತಿತ್ತು ಎನ್ನಲಾಗದು. ಸಿಕ್ಕಿಬಿದ್ದ ತೋಟಾಕ್ಕೆ ಕೋಣೆಯ ತುಕ್ಕೂ ಕಾರಣವಾಗಿತ್ತು. ಆದರೆ ಒಂದು ಮದ್ದಿಗೆ ಹೊಂದಿಸಿದ ಬಂದೂಕು ಇನ್ನೊಂದಕ್ಕೆ ಹೊಂದುವುದೆಂದು ಪರೀಕ್ಷಿಸದೆ ನಂಬಬಾರದೆಂಬುದು ಅಲ್ಲಿ ದೊಡ್ಡ ಬೆಲೆ ತೆತ್ತು ಸಾಬೀತಾಯಿತು.

ಇಂದಿನ ಅಗತ್ಯ

ಮೂಲ ಎಂ16ರ ನಳಿಗೆ 20 ಅಂಗುಲ ಉದ್ದವಿತ್ತು. ಅನಿಲದ ರಂಧ್ರ ನಳಿಗೆಯ ಬುಡದಿಂದ ಸುಮಾರು 13 ಅಂಗುಲ ಮುಂದಿತ್ತು. ಮುಂದೆ ಬಂದ ಗಿಡ್ಡ ಕಾರ್ಬೈನ್‌ಗಳಲ್ಲಿ ರಂಧ್ರವು 8 ಅಂಗುಲದ ಆಸುಪಾಸಿಗೆ ಸರಿಯಿತು. ಬುಡಕ್ಕೆ ಹತ್ತಿರವಾದಷ್ಟೂ ಅನಿಲದ ಒತ್ತಡ ಹೆಚ್ಚು, ಬೋಲ್ಟಿಗೆ ಬೀಳುವ ಹೊಡೆತವೂ ಹೆಚ್ಚು. ಇವೆರಡರ ನಡುವೆ ಸುಮಾರು 10 ಅಂಗುಲದ ಮಧ್ಯಮ ಅಳತೆ ಬಳಕೆಗೆ ಬಂದುದು ಈ ಕಾರಣದಿಂದ. ರಂಧ್ರದಿಂದ ನಳಿಗೆಯ ತುದಿಯವರೆಗಿನ ಅಂತರವೂ ಮುಖ್ಯ. ಗುಂಡು ಆ ಅಂತರ ದಾಟುವವರೆಗೆ ಮಾತ್ರ ಅನಿಲ ಒತ್ತುತ್ತಿರುತ್ತದೆ.

ಕಾರ್ಖಾನೆಗಳು ಸಾಮಾನ್ಯವಾಗಿ ರಂಧ್ರವನ್ನು ಅಗತ್ಯಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಕೊರೆಯುತ್ತವೆ. ಅಗ್ಗದ, ದುರ್ಬಲ ತೋಟಾದಲ್ಲೂ ಬಂದೂಕು ನಡೆಯಬೇಕು, ಗ್ರಾಹಕನು ದೂರು ತರಬಾರದು ಎಂಬುದು ಅವುಗಳ ಲೆಕ್ಕಾಚಾರ. ನಳಿಗೆಯ ತುದಿಗೆ ಶಬ್ದ ತಗ್ಗಿಸುವ ಸಪ್ರೆಸರ್ ಜೋಡಿಸಿದರೆ ಸಮಸ್ಯೆ ಇನ್ನೂ ಬೆಳೆಯುತ್ತದೆ. ಅದು ಅನಿಲವನ್ನು ತಡೆದಿಟ್ಟುಕೊಳ್ಳುವುದರಿಂದ ಒತ್ತಡ ನಿಧಾನವಾಗಿ ಇಳಿಯುತ್ತದೆ, ಹೆಚ್ಚು ಅನಿಲ ಹಿಂದಕ್ಕೆ ಬರುತ್ತದೆ, ಗುಂಡು ಹಾರಿಸುವವನ ಮುಖಕ್ಕೂ ಹೊಗೆ ಬಡಿಯುತ್ತದೆ. ಹೊಂದಿಸಬಹುದಾದ ಗ್ಯಾಸ್ ಬ್ಲಾಕ್‌ಗೆ ಇರುವ ಬೇಡಿಕೆಯಲ್ಲಿ ದೊಡ್ಡ ಪಾಲು ಸಪ್ರೆಸರ್ ಬಳಸುವವರದು.

ಎರಡು ಬಗೆಗಳು

ಕೆರೆಯ ನೀರನ್ನು ಹತೋಟಿಯಲ್ಲಿಡಲು ತೂಬೂ ಇದೆ, ಕೋಡಿಯೂ ಇದೆ. ಗ್ಯಾಸ್ ಬ್ಲಾಕ್‌ಗಳಲ್ಲೂ ಅಂತಹವೇ ಎರಡು ಬಗೆಗಳಿವೆ.

ಮೊದಲನೆಯದು ತೂಬಿನಂತೆ ದಾರಿಯನ್ನು ಕಿರಿದು ಮಾಡುವಂಥದು. ತಿರುಪನ್ನು ಒಳಕ್ಕೆ ತಿರುಗಿಸಿದಷ್ಟೂ ಅದರ ತುದಿ ಅನಿಲದ ಮಾರ್ಗಕ್ಕೆ ಅಡ್ಡ ಬರುತ್ತದೆ. ರಚನೆ ಸರಳ, ಬೆಲೆ ಕಡಿಮೆ, ಹೊರಗೆ ಅನಿಲ ಚಿಮ್ಮುವುದಿಲ್ಲ. ಆದರೆ ತಿರುಪಿನ ತುದಿ ಸದಾ ಬೆಂಕಿಯಂಥ ಅನಿಲದ ದಾರಿಯಲ್ಲಿಯೇ ಇರುತ್ತದೆ. ಅಲ್ಲಿ ಮಸಿ ಗಟ್ಟಿಯಾಗಿ ಕಿಟ್ಟದಂತೆ ಹಿಡಿದುಕೊಂಡು, ಕೆಲವು ನೂರು ಗುಂಡುಗಳ ನಂತರ ತಿರುಪು ಅಲ್ಲಾಡದಂತಾಗಬಹುದು. ಹೊಂದಿಸಲೆಂದು ಕೊಂಡ ಭಾಗ ಹೀಗೆ ಸ್ಥಿರ ಭಾಗವಾಗಿ ಬಿಡುವುದು ಅಪರೂಪವಲ್ಲ.

ಎರಡನೆಯದು ಕೋಡಿಯಂತೆ. ಅನಿಲ ಪೂರ್ತಿಯಾಗಿ ಬ್ಲಾಕ್‌ಗೆ ಬರುತ್ತದೆ, ಬೇಡವಾದ ಪಾಲು ಪಕ್ಕದ ಕಿಂಡಿಯಿಂದ ಹೊರಗೆ ಹೋಗುತ್ತದೆ. ಎಫ್‌ಎಎಲ್ ಈ ಬಗೆಗೆ ಸೇರಿದ್ದು. ಸಪ್ರೆಸರ್ ಇರುವಾಗ ಇದು ಅನುಕೂಲ, ಏಕೆಂದರೆ ಹೆಚ್ಚುವರಿ ಒತ್ತಡ ಶೂಟರ್‌ನ ಮುಖದಿಂದ ದೂರ, ಬಂದೂಕಿನ ಮುಂಭಾಗದಲ್ಲಿಯೇ ಬಿಡುಗಡೆಯಾಗುತ್ತದೆ. ಕಿಂಡಿಯ ಬಳಿ ಹಿಡಿಕೆಯೋ ಕೈಬೆರಳೋ ಇದ್ದರೆ ಮಾತ್ರ ಸುಡುವ ಅಪಾಯವಿದೆ. ಕಿಂಡಿಯಿಂದ ಬರುವ ಸದ್ದಿನಿಂದ ಸಪ್ರೆಸರ್‌ನ ಪ್ರಯೋಜನವೂ ಒಂದಿಷ್ಟು ಕುಗ್ಗುತ್ತದೆ.

ಆಯ್ಕೆ

ಮೊದಲು ಕೇಳಿಕೊಳ್ಳಬೇಕಾದುದು ಈ ಭಾಗ ಬೇಕೇ ಎಂಬುದನ್ನೇ. ಒಂದೇ ಬಗೆಯ ತೋಟಾ ಬಳಸುವ, ಸಪ್ರೆಸರ್ ಇಲ್ಲದ, ಸರಿಯಾದ ಅಳತೆಯ ರಂಧ್ರವಿರುವ ರೈಫಲ್‌ಗೆ ಸ್ಥಿರ ಗ್ಯಾಸ್ ಬ್ಲಾಕ್ ಸಾಕು. ಅನಿಲ ತುಸು ಹೆಚ್ಚಿದ್ದರೆ ಹಿಂಬದಿಯ ಬಫರ್ ಬದಲಿಸುವುದು ಇನ್ನೂ ಸುಲಭದ ದಾರಿ. ಕಾರ್ಬೈನ್‌ನ ಸಾಧಾರಣ ಬಫರ್ ಸುಮಾರು 85 ಗ್ರಾಂ ತೂಗಿದರೆ ಭಾರದ ಬಗೆ ಸುಮಾರು 150 ಗ್ರಾಂ ತೂಗುತ್ತದೆ. ಇದು ಬೋಲ್ಟನ್ನು ನಿಧಾನಗೊಳಿಸುತ್ತದೆಯೇ ಹೊರತು ಒಳಗೆ ಬರುವ ಅನಿಲವನ್ನೂ ಮಸಿಯನ್ನೂ ತಗ್ಗಿಸದು.

ಆತ್ಮರಕ್ಷಣೆಗೋ ಪೊಲೀಸ್ ಕೆಲಸಕ್ಕೋ ಇಟ್ಟ ಬಂದೂಕಿನಲ್ಲಿ ಅನಿಲವನ್ನು ಕಡಿಮೆ ಮಾಡುವುದು ವಿವೇಕವಲ್ಲ. ಅಲ್ಲಿ ಒದೆತ ತುಸು ಹೆಚ್ಚಿದ್ದರೂ ನಡೆಯುತ್ತದೆ, ಬಂದೂಕು ನಿಲ್ಲುವುದು ನಡೆಯದು. ಅಂತಹ ಕಡೆ ಎರಡು ಮೂರು ನಿಶ್ಚಿತ ಸ್ಥಾನಗಳಿರುವ, ಕತ್ತಲಲ್ಲೂ ಕೈಗೆ ತಿಳಿಯುವ ರೆಗ್ಯುಲೇಟರ್ ಸೂಕ್ತ. ಸ್ಪರ್ಧೆಯ ಶೂಟರ್‌ನ ಸ್ಥಿತಿ ಬೇರೆ. ಹಗುರವಾದ ಬೋಲ್ಟ್ ವಾಹಕ, ಕನಿಷ್ಠ ಅನಿಲ, ಒಂದೇ ಬಗೆಯ ತೋಟಾ ಇವೆಲ್ಲ ಕೂಡಿದಾಗ ಗುರಿ ಕದಲುವುದೇ ಇಲ್ಲವೆನ್ನುವಷ್ಟು ಬಂದೂಕು ಮೃದುವಾಗುತ್ತದೆ. ಅಲ್ಲಿ ಬಂದೂಕು ಕೈಕೊಟ್ಟರೆ ನಷ್ಟವಾಗುವುದು ಅಂಕ. ಇಂತಹವರಿಗೆ ಹಲವು ಹಂತಗಳಿರುವ ಸೂಕ್ಷ್ಮ ತಿರುಪು ಬೇಕು. ಎರಡು ಉದ್ದೇಶಕ್ಕೂ ಒಂದೇ ಹೊಂದಾಣಿಕೆ ಇಟ್ಟುಕೊಳ್ಳುವ ಆಸೆಯಿಂದಲೇ ಹೆಚ್ಚಿನ ತೊಂದರೆಗಳು ಹುಟ್ಟುತ್ತವೆ.

ಅಳತೆಯ ವಿಷಯದಲ್ಲಿ ರಾಜಿ ಇಲ್ಲ. ಗ್ಯಾಸ್ ಬ್ಲಾಕ್ ಕೂರುವ ಜಾಗದಲ್ಲಿ ನಳಿಗೆಯ ವ್ಯಾಸ ಎಆರ್-15ರಲ್ಲಿ ಸಾಮಾನ್ಯವಾಗಿ 0.750 ಅಂಗುಲ ಇರುತ್ತದೆ. ತೆಳು ನಳಿಗೆಗಳಲ್ಲಿ 0.625, ದಪ್ಪ ನಳಿಗೆಗಳಲ್ಲಿ 0.936 ಅಂಗುಲವೂ ಉಂಟು. ಬ್ಲಾಕ್‌ನ ಎತ್ತರ ಮುಂಗೈ ಹಿಡಿಕೆಯೊಳಗೆ ಹಿಡಿಸಬೇಕು. ತಿರುಪು ಮುಂದುಗಡೆ ಇದೆಯೋ ಪಕ್ಕದಲ್ಲಿದೆಯೋ, ಹಿಡಿಕೆ ಬಿಚ್ಚದೆ ಅದಕ್ಕೆ ಕೈ ಅಥವಾ ಕೀಲಿ ತಲುಪುವುದೋ ಎಂಬುದನ್ನು ಕೊಳ್ಳುವ ಮೊದಲೇ ನೋಡಬೇಕು.

ಕೂರಿಸುವ ವಿಧಾನಕ್ಕೂ ಗಮನ ಅಗತ್ಯ. ಸಣ್ಣ ಒತ್ತು ತಿರುಪುಗಳಿಂದ ಹಿಡಿಸುವುದು ರೂಢಿ, ಆದರೆ ಕಾಯುತ್ತ ಆರುತ್ತ ಅವು ಸಡಿಲಗೊಳ್ಳಬಹುದು. ನಳಿಗೆಯಲ್ಲಿ ತಿರುಪಿನ ತುದಿಗೆ ಸಣ್ಣ ಗುಳಿ ಮಾಡಿದರೆ ಹಿಡಿತ ಬಿಗಿಯಾಗುತ್ತದೆ. ಅಡ್ಡ ಗೂಟ ಹೊಡೆದು ಕೂರಿಸುವುದು ಎಲ್ಲಕ್ಕಿಂತ ಭದ್ರ, ಆದರೆ ಅದಕ್ಕೆ ಪಳಗಿದ ಕೆಲಸಗಾರ ಬೇಕು. ಬ್ಲಾಕ್‌ನ ರಂಧ್ರವೂ ನಳಿಗೆಯ ರಂಧ್ರವೂ ಒಂದಕ್ಕೊಂದು ಸರಿಯಾಗಿ ಎದುರಾಗದಿದ್ದರೆ ಎಷ್ಟು ಬೆಲೆಯ ಭಾಗವೂ ನಿಷ್ಪ್ರಯೋಜಕ. ಅನಿಲ ಸಾಲದೆಂದು ತಿರುಪನ್ನು ದೂರುವವರು ಬಹಳ ಸಲ ಈ ಓರೆಯನ್ನು ನೋಡಿರುವುದಿಲ್ಲ.

ವಸ್ತುವಿನ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ: ಉಕ್ಕು ಉತ್ತಮ. ಅಲ್ಯೂಮಿನಿಯಂ ಹಗುರವಾದರೂ ಬಿಸಿ ಅನಿಲದ ಕೊರೆತಕ್ಕೆ ಬೇಗ ಸವೆಯುತ್ತದೆ. ತಿರುಪು ತಾನಾಗಿ ತಿರುಗದಂತೆ ಹಂತಹಂತವಾಗಿ ಹಿಡಿದುಕೊಳ್ಳುವ ಸ್ಪ್ರಿಂಗ್ ತಡೆ ಇರುವ ಬ್ಲಾಕ್ ಆರಿಸುವುದು ಒಳಿತು.

ಹೊಂದಿಸುವ ಕ್ರಮ

ಎಫ್‌ಎಎಲ್ ಬಳಸಿದ ಸೇನೆಗಳು ರೂಢಿಸಿದ ಕ್ರಮವೇ ಇಂದಿಗೂ ಅಲ್ಪಸ್ವಲ್ಪ ವ್ಯತ್ಯಾಸದಿಂದ ನಡೆದುಬಂದಿದೆ. ಅನುಮತಿಯಿರುವ ಶೂಟಿಂಗ್ ರೇಂಜ್‌ನಲ್ಲಿ, ಕಣ್ಣಿಗೆ ಕಿವಿಗೆ ರಕ್ಷಣೆ ಧರಿಸಿ, ಮ್ಯಾಗಜೀನಿಗೆ ಒಂದೇ ತೋಟಾ ತುಂಬಬೇಕು. ಬ್ಲಾಕನ್ನು ಕನಿಷ್ಠ ಅನಿಲಕ್ಕೆ ಇಟ್ಟು ಹಾರಿಸಿದಾಗ ಬೋಲ್ಟ್ ಹಿಂದೆ ನಿಲ್ಲದೆ ಮುಚ್ಚಿಕೊಳ್ಳುತ್ತದೆ. ಒಂದೊಂದೇ ಹಂತ ಅನಿಲ ಹೆಚ್ಚಿಸುತ್ತ ಹೋದಂತೆ, ಕೊನೆಯ ತೋಟಾದ ನಂತರ ಬೋಲ್ಟ್ ಹಿಂದೆಯೇ ನಿಲ್ಲುವ ಸ್ಥಾನ ಸಿಗುತ್ತದೆ. ಅದೇ ಸ್ಥಾನದಲ್ಲಿ ಹಲವು ಬಾರಿ ಪರೀಕ್ಷಿಸಿ ನಿಶ್ಚಯ ಮಾಡಿಕೊಂಡ ಮೇಲೆ, ಇನ್ನೆರಡು ಹಂತ ಹೆಚ್ಚಿಗೆ ತೆರೆಯಬೇಕು. ಪ್ರತಿ ಬದಲಾವಣೆಗೆ ಮೊದಲು ಮ್ಯಾಗಜೀನ್ ತೆಗೆದು ಕೋಣೆ ಖಾಲಿಯಿರುವುದನ್ನು ಕಣ್ಣಾರೆ ನೋಡುವುದು ಕಡ್ಡಾಯ.

ಆ ಎರಡು ಹಂತಗಳನ್ನು ಉಳಿತಾಯದ ಆಸೆಗೆ ಬಿಟ್ಟುಕೊಡಬಾರದು. ಬೇಸಿಗೆಯ ಮಧ್ಯಾಹ್ನ, ಹೊಸದಾಗಿ ಒರೆಸಿದ ಬಂದೂಕಿನಲ್ಲಿ, ಒಳ್ಳೆಯ ತೋಟಾದಿಂದ ಸಿಕ್ಕ ಕನಿಷ್ಠ ಸ್ಥಾನವು ಚಳಿಗಾಲದ ಬೆಳಗಿನಲ್ಲಿ ಸಾಲದೆ ಹೋಗುತ್ತದೆ. ಬಳಸಲಿರುವ ತೋಟಾಗಳಲ್ಲಿ ಅತ್ಯಂತ ದುರ್ಬಲವಾದುದರಿಂದ ಪರೀಕ್ಷಿಸುವುದು ಸರಿಯಾದ ಮಾರ್ಗ. ಸಪ್ರೆಸರ್ ಇದ್ದಾಗಿನ ಮತ್ತು ಇಲ್ಲದಾಗಿನ ಸ್ಥಾನಗಳನ್ನು ಬೇರೆ ಬೇರೆಯಾಗಿ ಗುರುತು ಹಾಕಿಟ್ಟುಕೊಳ್ಳಬೇಕು. ಖಾಲಿ ತೋಟಾ ಬೀಳುವ ದಿಕ್ಕೂ ಒಂದು ಸೂಚನೆ. ಎಆರ್-15ರಲ್ಲಿ ಅದು ಮುಂದಕ್ಕೆ ಚಿಮ್ಮಿದರೆ ಅನಿಲ ಹೆಚ್ಚೆಂದೂ, ಬಲಗಡೆ ತೀರ ಹಿಂದಕ್ಕೆ ದುರ್ಬಲವಾಗಿ ಬಿದ್ದರೆ ಕಡಿಮೆಯೆಂದೂ ಊಹಿಸುತ್ತಾರೆ. ಇದು ಸ್ಪ್ರಿಂಗ್‌ನ ಸ್ಥಿತಿಯನ್ನೂ ಅವಲಂಬಿಸುವುದರಿಂದ ಇದೊಂದನ್ನೇ ನಂಬುವಂತಿಲ್ಲ.

ಶುಚಿ ಮಾಡುವಾಗಲೆಲ್ಲ ತಿರುಪನ್ನು, ಹಂತಗಳನ್ನು ಎಣಿಸಿಕೊಂಡು, ಎರಡೂ ಕಡೆಗೆ ಪೂರ್ತಿ ತಿರುಗಿಸಿ ಮತ್ತೆ ಅದೇ ಸ್ಥಾನಕ್ಕೆ ತರುವುದರಿಂದ ಮಸಿ ಕಚ್ಚಿಕೊಳ್ಳುವುದು ತಪ್ಪುತ್ತದೆ. ಈಗಾಗಲೇ ಕಚ್ಚಿಕೊಂಡಿದ್ದರೆ ಬಲ ಹಾಕಿ ತಿರುಗಿಸದೆ, ಇಂಗುವ ಎಣ್ಣೆ ಬಿಟ್ಟು ಕಾಯಬೇಕು. ತಿರುಪಿನ ತಲೆ ಸವೆದರೆ ಇಡೀ ಬ್ಲಾಕ್ ಬದಲಿಸಬೇಕಾಗುತ್ತದೆ.

ಕಾನೂನು

ಅಮೆರಿಕದ ಹಲವು ರಾಜ್ಯಗಳಲ್ಲಿ ಗ್ಯಾಸ್ ಬ್ಲಾಕ್ ಮುಕ್ತವಾಗಿ ಮಾರಾಟವಾಗುವ ಬಿಡಿಭಾಗ. ಭಾರತದಲ್ಲಿ 1959ರ ಆಯುಧ ಅಧಿನಿಯಮ ಮತ್ತು 2016ರ ಆಯುಧ ನಿಯಮಗಳ ಅಡಿಯಲ್ಲಿ ಸೇನಾ ಮಾದರಿಯ ಅರೆ-ಸ್ವಯಂಚಾಲಿತ ರೈಫಲ್‌ಗಳಿಗೆ ಸಾಮಾನ್ಯ ನಾಗರಿಕರು ಪರವಾನಗಿ ಪಡೆಯುವಂತಿಲ್ಲ, ಆಯುಧದ ಬಿಡಿಭಾಗಗಳೂ ಈ ಕಾನೂನಿನ ವ್ಯಾಪ್ತಿಗೆ ಬರುತ್ತವೆ. ಇಲ್ಲಿ ಗ್ಯಾಸ್ ರೆಗ್ಯುಲೇಟರ್‌ನ ಪರಿಚಯ ಆಗುವುದು ಸೇನೆ, ಅರೆಸೇನಾ ಪಡೆ ಹಾಗೂ ಪೊಲೀಸ್ ತರಬೇತಿಯಲ್ಲಿ, ಎಸ್‌ಎಲ್‌ಆರ್ ಅಥವಾ ಇನ್ಸಾಸ್ ರೈಫಲನ್ನು ಬಿಚ್ಚಿ ಜೋಡಿಸುವ ಪಾಠದ ಮೂಲಕ.